ಅದೇ ಪ್ರಸಂಗ, ಬೇರೆ ಅರ್ಥ

ರಾಜ್‌ಕುಮಾರ್ ಅಭಿನಯದ ‘ಮಯೂರ’ ತೆರೆಗೆ ಬಂದದ್ದು 1975ರಲ್ಲಿ. ಅದಕ್ಕೆ ಐವತ್ತು ತುಂಬಿದ 2025ರಲ್ಲೇ, ನಮ್ಮ ಉಡುಪಿ ಜಿಲ್ಲೆಯ ಕೆರಾಡಿಯವರಾದ ರಿಷಬ್ ಶೆಟ್ಟಿ ಕದಂಬರ ಕಾಲದ ಕರಾವಳಿಯ ಕಥೆಯನ್ನು ‘ಕಾಂತಾರ: ಅಧ್ಯಾಯ 1’ರಲ್ಲಿ ಹೇಳಿದರು. ಆಮೇಲಿನಿಂದ ಮಣಿಪಾಲದ ಕ್ಯಾಂಟೀನುಗಳಲ್ಲಿ, ಸಂಶೋಧನಾರ್ಥಿಗಳಾದ ನಮ್ಮ ನಡುವೆ ಒಂದು ಮಾತು ಮತ್ತೆ ಮತ್ತೆ ಬರುತ್ತಿದೆ: ಇಷ್ಟು ಹಣ, ಇಷ್ಟು ಗ್ರಾಫಿಕ್ಸ್ ಇರುವಾಗ ‘ಮಯೂರ’ವನ್ನೇ ಇನ್ನೊಮ್ಮೆ ಮಾಡಬಾರದೇಕೆ? ಮನೆಗೆ ಹೋಗಿ ಇದನ್ನೇ ಕೇಳಿದರೆ ಹಿರಿಯರ ಉತ್ತರ ಸಿದ್ಧವಿರುತ್ತದೆ: ಅಣ್ಣಾವ್ರ ಜಾಗದಲ್ಲಿ ಯಾರನ್ನು ನಿಲ್ಲಿಸುತ್ತೀರಿ ಮಾರಾಯ್ರೆ?

ಒಂದು ಕಡೆ ಬಜೆಟ್ಟು, ಇನ್ನೊಂದು ಕಡೆ ಭಕ್ತಿ. ಆ ಕಥೆಯಲ್ಲಿ ಹೇಳದೆ ಉಳಿದದ್ದು ಏನಾದರೂ ಇದೆಯೇ ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಕೇಳುವುದಿಲ್ಲ. ನನಗೆ ಮುಖ್ಯವೆನಿಸುವುದು ಆ ಪ್ರಶ್ನೆ.

ಹಳೆಯ ಐತಿಹಾಸಿಕ ಚಿತ್ರಗಳು ಯಾವಾಗ ಬಂದವು ಎಂದು ನೋಡೋಣ. ‘ರಣಧೀರ ಕಂಠೀರವ’ 1960ರದ್ದು, ‘ಕಿತ್ತೂರು ಚೆನ್ನಮ್ಮ’ 1961ರದ್ದು, ‘ಇಮ್ಮಡಿ ಪುಲಿಕೇಶಿ’ 1967ರದ್ದು, ‘ಶ್ರೀಕೃಷ್ಣದೇವರಾಯ’ 1970ರದ್ದು. ರಾಜ್ಯ ಒಂದಾದದ್ದು 1956ರಲ್ಲಿ, ಅದಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಹಳೆ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ಮದ್ರಾಸಿನ ಆಡಳಿತದಲ್ಲಿದ್ದ ನಮ್ಮ ಕರಾವಳಿ, ಇವೆಲ್ಲಕ್ಕೂ ಒಂದೇ ವಂಶಾವಳಿ ಬೇಕಾಗಿತ್ತು. ಮೈಸೂರಿನ ಒಡೆಯರು, ಕಿತ್ತೂರಿನ ರಾಣಿ, ಬಾದಾಮಿಯ ಚಾಲುಕ್ಯ, ಹಂಪಿಯ ರಾಯ, ಬನವಾಸಿಯ ಕದಂಬ ಎಲ್ಲರೂ ತೆರೆಯ ಮೇಲೆ ಒಂದೇ ಕನ್ನಡ ಮಾತಾಡಿದರು. ಆ ಕಾಲ ಬೇಡಿದ್ದನ್ನು ಆ ಚಿತ್ರಗಳು ಕೊಟ್ಟವು. ಅವುಗಳನ್ನು ರಟ್ಟಿನ ಕೋಟೆ, ಅಟ್ಟೆಯ ಕಿರೀಟ ಎಂದು ನಗುವವರು ಈ ಕೆಲಸದ ತೂಕವನ್ನು ಮರೆಯುತ್ತಾರೆ.

ಆ ಕೆಲಸ ಮುಗಿದಿದೆ. ಈಗ ಅದೇ ಚಿತ್ರವನ್ನು ದೊಡ್ಡ ಸೈನ್ಯ, ದೊಡ್ಡ ಆನೆಗಳೊಂದಿಗೆ ಮತ್ತೆ ಮಾಡಿದರೆ ಸಿಗುವುದು ದೊಡ್ಡ ಸೈನ್ಯ ಮತ್ತು ದೊಡ್ಡ ಆನೆ ಮಾತ್ರ.

ಹಾಗಾದರೆ ಮಾಡಲೇಬಾರದೇ? ಮತ್ತೆ ಮಾಡುವುದನ್ನು ಪಾಪವೆಂದು ಯಕ್ಷಗಾನದ ನಾಡಿನವರು ಹೇಳಿದರೆ ನಗೆಪಾಟಲಾಗುತ್ತದೆ. ನಮ್ಮಲ್ಲಿ ‘ಕರ್ಣಾರ್ಜುನ’ ಎಷ್ಟು ಸಲ ಆಗಿದೆ ಎಂದು ಲೆಕ್ಕ ಇಟ್ಟವರಿಲ್ಲ. ಅದೇ ಪದ್ಯ, ಅದೇ ಕಥೆ. ಆದರೆ ಶೇಣಿ ಗೋಪಾಲಕೃಷ್ಣ ಭಟ್ಟರು ಹೇಳುತ್ತಿದ್ದ ಅರ್ಥ ಬೇರೆ, ಮಲ್ಪೆ ರಾಮದಾಸ ಸಾಮಗರು ಹೇಳುತ್ತಿದ್ದ ಅರ್ಥ ಬೇರೆ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ. ಪಂಚೆ ಉಟ್ಟು ಕುಳಿತವರ ಮಾತಿನಿಂದಲೇ ಕುರುಕ್ಷೇತ್ರ ಎದ್ದು ನಿಲ್ಲುತ್ತದೆ. ಭವ್ಯತೆಗೆ ಬಜೆಟ್ಟೇ ಬೇಕು ಎನ್ನುವವರು ಒಂದು ರಾತ್ರಿ ಇದನ್ನು ಕೇಳಬೇಕು.

ಸಿನಿಮಾಕ್ಕೆ ಒಂದು ತೊಡಕಿದೆ, ನಿಜ. ರಂಗಸ್ಥಳದಲ್ಲಿ ಬೆಳಗಾದರೆ ವೇಷ ಕಳಚುತ್ತದೆ, ಮರುದಿನ ಇನ್ನೊಬ್ಬ ಕಟ್ಟಬಹುದು. ಸಿನಿಮಾದಲ್ಲಿ ಮೊದಲು ಕಟ್ಟಿದವನು ವೇಷ ಕಳಚುವುದೇ ಇಲ್ಲ. ಮಯೂರನೆಂದರೆ ರಾಜ್‌ಕುಮಾರ್ ಮುಖವೇ ಕಣ್ಣೆದುರು ಬರುತ್ತದೆ. ಹಿರಿಯರ ಆಕ್ಷೇಪದಲ್ಲಿ ಇಷ್ಟು ಸತ್ಯವಿದೆ. ಹಾಗಾಗಿ ಹೊಸಬರು ಆ ಸಿನಿಮಾಕ್ಕೆ ಹೋಗದೆ ಅದರ ಕೆಳಗಿರುವ ಕಥೆಗೆ ಹೋಗಬೇಕು.

ಕೆಳಗೆ ಏನಿದೆ? ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯಿದೆ. ಅದಕ್ಕೂ ಕೆಳಗೆ, ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಂಬವಿದೆ. ಐದನೇ ಶತಮಾನದಲ್ಲಿ ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಶಾಸನ ಅದರ ಮೇಲಿದೆ. ಚಿತ್ರದ ಮಯೂರ ತಾನು ರಾಜವಂಶದ ಕುಡಿಯೆಂದು ತಿಳಿದು, ಕಳೆದುಹೋದ ಸಿಂಹಾಸನವನ್ನು ಮರಳಿ ಪಡೆಯುತ್ತಾನೆ. ಶಾಸನದ ಮಯೂರಶರ್ಮನಿಗೆ ಕಳೆದುಕೊಳ್ಳಲು ಸಿಂಹಾಸನವೇ ಇರಲಿಲ್ಲ. ಗುರು ವೀರಶರ್ಮನ ಜೊತೆ ಕಂಚಿಗೆ ಓದಲು ಹೋದ ವಿದ್ಯಾರ್ಥಿ ಅವನು. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಯಿತು, ಅವಮಾನವಾಯಿತು. ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿಯಿತು. ಶ್ರೀಪರ್ವತದ ಕಾಡು ಸೇರಿ ಪಲ್ಲವರನ್ನು ಕಾಡಿದ. ಕೊನೆಗೆ ಪಲ್ಲವರೇ ರಾಜಿಯಾಗಿ ಅವನಿಗೆ ನೆಲ ಬಿಟ್ಟುಕೊಟ್ಟರು.

ಸಂಶೋಧನೆಗೆಂದು ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ ಇಪ್ಪತ್ತರ ಕೊನೆಯ ವರ್ಷಗಳನ್ನು ಕಳೆಯುತ್ತಿರುವ ನನಗೆ ಈ ಎರಡನೆಯ ಮಯೂರ ಹತ್ತಿರದವನು. ದೂರದ ಊರಿಗೆ ಓದಲು ಹೋದ ಹುಡುಗ, ಅಧಿಕಾರದಲ್ಲಿದ್ದವರ ಒಂದು ಒರಟು ವರ್ತನೆ, ಅಲ್ಲಿಂದ ತಿರುಗಿಬಿದ್ದ ಬದುಕು. ‘ನೀನು ಹುಟ್ಟಿನಿಂದಲೇ ರಾಜಕುಮಾರ’ ಎಂದುಬಿಟ್ಟರೆ ಆ ಸಿಟ್ಟಿನ ಮೊನೆಯೇ ಮುರಿದುಹೋಗುತ್ತದೆ. ಹಕ್ಕು ರಕ್ತದಿಂದ ಬಂದದ್ದಾದರೆ ಜಗಳ ಬರಿಯ ನೆಪ.

ಉಡುಪಿಯಲ್ಲಿ ಮೂರನೆಯ ಮಯೂರನೂ ಇದ್ದಾನೆ. ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ತುಳುನಾಡಿನ 32 ಗ್ರಾಮಗಳಲ್ಲಿ ನೆಲೆಗೊಳಿಸಿದನೆಂದು ಗ್ರಾಮಪದ್ಧತಿಯ ಐತಿಹ್ಯ ಹೇಳುವ ಮಯೂರವರ್ಮ. ಶಿವಳ್ಳಿಯೂ ಆ ಗ್ರಾಮಗಳಲ್ಲೊಂದು. ಕಾಪು ಬಳಿಯ ಪಾದೂರಿನ ಗುರುರಾಜ ಭಟ್ಟರು ತುಳುವ ಇತಿಹಾಸದ ಮೇಲಿನ ತಮ್ಮ ಬೃಹತ್ ಇಂಗ್ಲಿಷ್ ಗ್ರಂಥವನ್ನು ಹೊರತಂದದ್ದೂ 1975ರಲ್ಲೇ. ಒಂದೇ ವರ್ಷ ಥಿಯೇಟರಿನಲ್ಲಿ ಒಬ್ಬ ಕದಂಬ, ನಮ್ಮೂರಿನ ಗುಡಿ ಗುಡಿ ಅಲೆದು ಕಲ್ಲು ಓದಿದ ಪ್ರಾಧ್ಯಾಪಕರ ಪುಟಗಳಲ್ಲಿ ಬೇರೆಯದೇ ಒಂದು ತುಳುನಾಡು. ಇವೆರಡೂ ಪರಸ್ಪರ ಭೇಟಿಯಾಗಲಿಲ್ಲ. ಭೇಟಿಯಾದರೆ ಹೊಸ ‘ಮಯೂರ’ ಹುಟ್ಟಬಹುದು: ಕರೆತಂದವನ ಕಥೆಯ ಜೊತೆಗೆ, ಅದಕ್ಕೂ ಮೊದಲು ಇಲ್ಲಿದ್ದವರ ಕಥೆ.

ಇದು ಬರೀ ಆಸೆಯಲ್ಲ, ತುಳು ಚಿತ್ರರಂಗದಲ್ಲಿ ಆಗಿರುವ ಸಂಗತಿ. ವಿಶುಕುಮಾರ್ 1973ರಲ್ಲಿ ‘ಕೋಟಿ ಚೆನ್ನಯ’ ಮಾಡಿದರು. ಅದೇ ಹೆಸರಿನಲ್ಲಿ ಆನಂದ್ ಪಿ. ರಾಜು ಮತ್ತೆ ಮಾಡಿದ ಚಿತ್ರಕ್ಕೆ 54ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ತುಳು ಚಿತ್ರದ ಗೌರವ ಬಂತು. ಗರಡಿಗೆ ಕೈಮುಗಿಯುವ ಯಾರೂ ‘ಒಮ್ಮೆ ಆಗಿದೆಯಲ್ಲ’ ಎನ್ನಲಿಲ್ಲ, ಯಾಕೆಂದರೆ ಪಾಡ್ದನ ನಾಟಿಯ ಗದ್ದೆಯಲ್ಲಿ ಪ್ರತಿ ಮಳೆಗಾಲವೂ ಆಗುತ್ತಿತ್ತು. 2019ರಲ್ಲಿ ಸೂರ್ಯೋದಯ ಪೆರಂಪಳ್ಳಿ ‘ದೇಯಿ ಬೈದೆತಿ’ ತಂದರು. ವೀರರಿಬ್ಬರ ಬದಲು ಅವರನ್ನು ಹೆತ್ತವಳು, ಬಲ್ಲಾಳನ ಗಾಯ ವಾಸಿ ಮಾಡಿದ ವೈದ್ಯೆ, ಕಥೆಯ ನಡುವಿಗೆ ಬಂದಳು. ಹಾಗೆಯೇ ಕಿತ್ತೂರಿನ ಕಥೆ 2012ರಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ನಾಗಿ ಬಂದಾಗ ಅರಮನೆಯಿಂದ ಸೈನಿಕನ ಕಡೆಗೆ ಸರಿಯಿತು. ಚಿತ್ರ ಹೇಗಿತ್ತು ಎಂಬುದು ಬೇರೆ ಮಾತು, ಸರಿದ ದಿಕ್ಕು ಸರಿಯಾಗಿತ್ತು.

ಹೊರಗಿನ ಪಾಠವೂ ಇದನ್ನೇ ಹೇಳುತ್ತದೆ. 1925ರ ಮೂಕಿ ‘ಬೆನ್ ಹರ್’ಗೆ ಸಹಾಯಕನಾಗಿ ದುಡಿದಿದ್ದ ವಿಲಿಯಂ ವೈಲರ್ 1959ರಲ್ಲಿ ಅದನ್ನು ತಾನೇ ಮಾಡಿ 11 ಆಸ್ಕರ್ ಗೆದ್ದ. 2016ರಲ್ಲಿ ಮೂರನೆಯವರು ಮಾಡಿದಾಗ ಜನ ತಿರುಗಿ ನೋಡಲಿಲ್ಲ. ರಥದ ಓಟಕ್ಕೆ ಕಂಪ್ಯೂಟರ್ ಬಂದಿತ್ತು, ಹೇಳಲು ಹೊಸ ಮಾತು ಬಂದಿರಲಿಲ್ಲ.

ಮರುನಿರ್ಮಾಣಕ್ಕೆ ಮೊದಲು ಮೂಲವನ್ನು ಉಳಿಸಿಕೊಳ್ಳುವ ಕೆಲಸವೂ ಇದೆ. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದರು. ನನ್ನ ಓರಗೆಯವರಿಗೆ ಬಣ್ಣಕ್ಕಿಂತ ಒಳ್ಳೆಯ, ಗೀರಿಲ್ಲದ ಪ್ರತಿ ಬೇಕು. ಹಳೆಯದನ್ನು ನೋಡದವರು ಹೊಸದನ್ನು ಯಾವುದರ ಜೊತೆ ಜಗಳಕ್ಕೆ ಬಿಡುತ್ತಾರೆ?

ಕಾರ್ಕಳದವರು ಈ ಚರ್ಚೆಯನ್ನು ಶತಮಾನಗಳ ಹಿಂದೆಯೇ ಮುಗಿಸಿದ್ದಾರೆ. ಅಲ್ಲಿಯ ಗೊಮ್ಮಟ 1432ರದ್ದು. ಅದನ್ನು ಕಡೆದ ಬೀರ ಕಲ್ಕುಡ ಇಂಥದ್ದನ್ನು ಇನ್ನೆಲ್ಲೂ ಮಾಡಬಾರದೆಂದು ಭೈರರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನೆಂದು ಪಾಡ್ದನ ಹೇಳುತ್ತದೆ. ಕಲ್ಕುಡ ಉಳಿದ ಒಂದೇ ಕೈಯಲ್ಲಿ ವೇಣೂರಿನ ಗೊಮ್ಮಟನನ್ನು ಕಡೆದ. ವೇಣೂರಿನ ಮೂರ್ತಿ ನಿಂತದ್ದು 1604ರಲ್ಲಿ, ನಡುವೆ 172 ವರ್ಷಗಳ ಅಂತರ. ಪಾಡ್ದನಕ್ಕೆ ಆ ಲೆಕ್ಕ ಬೇಕಿಲ್ಲ. ಮೊದಲನೆಯದೇ ಕೊನೆಯದಾಗಬೇಕೆಂಬುದು ಅರಸನ ಹಟ, ಕಡೆಯುವವನದ್ದಲ್ಲ ಎಂಬುದಷ್ಟೇ ಅದಕ್ಕೆ ಗೊತ್ತು. ವೇಣೂರಿನವನು ಕಾರ್ಕಳದವನಿಗಿಂತ ಗಿಡ್ಡ. ಅದಕ್ಕಾಗಿ ಯಾರೂ ಅವನನ್ನು ನಕಲು ಎಂದಿಲ್ಲ.

‘ಮಯೂರ’ವನ್ನು ಮತ್ತೆ ಮಾಡಲು ಹೊರಟವರು ಸೆಟ್ಟಿನ ಅಳತೆ ಹೇಳುವ ಮೊದಲು, ಕಂಚಿಯಲ್ಲಿ ಆ ಸವಾರ ಹುಡುಗನಿಗೆ ಏನೆಂದ ಎಂದು ನಮಗೆ ಹೇಳಲಿ. ಆ ಮಾತನ್ನು ಬರೆಯಬಲ್ಲವರು ಧಾರಾಳವಾಗಿ ಮಾಡಲಿ, ಮೊದಲ ದಿನವೇ ಹೋಗಿ ನೋಡುತ್ತೇನೆ.