ಲೋಹಗಾಜಿನ ಪ್ರಯೋಗಗಳಲ್ಲಿ ‘ಮೊದಲು’ ಮತ್ತು ‘ಆಮೇಲೆ’

ಲೋಹಗಾಜುಗಳ ಮೇಲೆ ಅಯಾನುಗಳನ್ನು ಹಾಯಿಸಿ, ಅವುಗಳ ರಚನೆಯಲ್ಲಿಯೂ ಕಾಂತತ್ವದಲ್ಲಿಯೂ ಉಂಟಾಗುವ ವ್ಯತ್ಯಾಸಗಳನ್ನು ವರದಿ ಮಾಡುವ ಪ್ರಬಂಧಗಳು ನಾಲ್ಕು ದಶಕಗಳಿಗೂ ಮೇಲ್ಪಟ್ಟು ಪ್ರಕಟವಾಗುತ್ತಿವೆ. ಇವುಗಳಲ್ಲಿನ ಅಳತೆಗಳು ಬಹುಮಟ್ಟಿಗೆ ನಂಬತಕ್ಕವು. ಅಳತೆಗಳಿಗೆ ಕಟ್ಟುವ ಅರ್ಥ ಮಾತ್ರ ಅನೇಕ ವೇಳೆ ಶಿಥಿಲವೆಂದು ನಮ್ಮ ಅಭಿಪ್ರಾಯ.

ಸ್ಫಟಿಕರೂಪದ ಲೋಹದಲ್ಲಿ ಪರಮಾಣುಗಳಿಗೆ ನಿಯತ ಸ್ಥಾನಗಳುಂಟು. ಅಯಾನಿನ ಹೊಡೆತಕ್ಕೆ ಒಂದು ಪರಮಾಣು ಕದಲಿದರೆ, ತೆರವಾದ ಸ್ಥಾನವನ್ನು ತೋರಿಸಿ ‘ಇದು ಹಾನಿ’ ಎನ್ನಬಹುದು. ಲೋಹಗಾಜಿನಲ್ಲಿ ಕೆಡತಕ್ಕ ಅಂಥ ಕ್ರಮವೇ ಇಲ್ಲ. 1960ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಡುವೆಜ್ ಮತ್ತು ಸಂಗಡಿಗರು ಚಿನ್ನ-ಸಿಲಿಕಾನ್ ಮಿಶ್ರಲೋಹದಿಂದ ಪಡೆದ ಗಾಜು ಮೊದಲುಗೊಂಡು ಇವೆಲ್ಲವೂ ದ್ರವದ ಅಸ್ತವ್ಯಸ್ತತೆಯನ್ನೇ ಉಳಿಸಿಕೊಂಡ ಘನಗಳು. ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿಯಂತೆ ತಣಿಸಿದ ಪಟ್ಟಿಯೂ ಗಾಜೇ. ಅದನ್ನೇ ಸ್ಫಟಿಕವಾಗದಷ್ಟು ಹದವಾಗಿ ಮರಳಿ ಕಾಯಿಸಿದರೆ ಅದೂ ಗಾಜೇ. ಆದರೆ ಎರಡರ ಸಾಂದ್ರತೆಯಾಗಲಿ ಕ್ಯೂರಿ ಉಷ್ಣತೆಯಾಗಲಿ ಒಂದೇ ಆಗಿರುವುದಿಲ್ಲ. ಹೀಗಿರುವಲ್ಲಿ, ಪಟ್ಟಿಯ ಪೂರ್ವವೃತ್ತಾಂತವನ್ನು ಹೇಳದೆ ‘ಕಿರಣಕ್ಕೆ ಮೊದಲು’ ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಯ ವಿದ್ಯಾರ್ಥಿಗಳಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಎಲೆ ಮೊದಲು ಹಳದಿಗೆ ತಿರುಗಬೇಕು, ಬಳಿಕ ಬಣ್ಣ ನಿಲ್ಲಬೇಕು, ಕಡೆಗೆ ನಡುನರ ಒಣಗಬೇಕು. ಉರಿಯನ್ನು ಅವಸರದಿಂದ ಏರಿಸಿದರೆ ಅದೇ ಎಲೆ ಬೇರೆಯೇ ಬಣ್ಣಕ್ಕೆ ತಿರುಗೀತು. ಶಾಖ ಎಷ್ಟೆಂಬುದರಷ್ಟೇ ಅದು ಯಾವ ಕ್ರಮದಲ್ಲಿ ತಗುಲಿತೆಂಬುದೂ ಮುಖ್ಯ. ಸೌದೆ ಒಟ್ಟುವವನು ಮರೆಯದ ಈ ಸಂಗತಿಯನ್ನು ಪ್ರಬಂಧಕಾರರು ಮರೆಯುವುದು ಸೋಜಿಗ.

ಅಯಾನುಗಳು ಪಟ್ಟಿಯನ್ನು ಕಾಯಿಸಲೂಬಲ್ಲವು. ಆಗ ಕಂಡ ವ್ಯತ್ಯಾಸದಲ್ಲಿ ಶಾಖದ ಪಾಲೆಷ್ಟು, ಅಯಾನಿನ ಪಾಲೆಷ್ಟು? ಬರ್ಲಿನ್ನಿನ ಕ್ಲಾಮ್ಯೂಂಟ್ಸರ್ ಮತ್ತು ಶೂಮಾಖರ್ 1983ರಲ್ಲಿ ಪ್ರಕಟಿಸಿದ ಪ್ರಯೋಗ ಈ ದೃಷ್ಟಿಯಿಂದ ಇಂದಿಗೂ ಮಾದರಿ. ಪಲ್ಲೇಡಿಯಂ-ಸಿಲಿಕಾನ್ ಗಾಜನ್ನು ತೀರ ತಣ್ಣಗಿರಿಸಿ ಭಾರಿ ಅಯಾನುಗಳಿಗೆ ಒಡ್ಡಿದಾಗ ಅದು ಕಿರಣಕ್ಕೆ ಅಡ್ಡಲಾಗಿ ಹಿಗ್ಗಿತು, ಕಿರಣದ ದಿಕ್ಕಿನಲ್ಲಿ ಕುಗ್ಗಿತು. ಅಷ್ಟು ತಣ್ಣನೆಯ ಪಟ್ಟಿಯಲ್ಲಿ ಸಾಮಾನ್ಯ ಶಾಖದ ಮೇಲೆ ಹೊಣೆ ಹೊರಿಸುವಂತಿರಲಿಲ್ಲ. ಶೀರ್ಷಿಕೆಯಲ್ಲಿ ಅವರು ‘ನಾಟಕೀಯ’ ಎಂಬ ವಿಶೇಷಣವನ್ನು ಬಳಸಿದ್ದಾರೆ. ವಿಜ್ಞಾನದ ಬರವಣಿಗೆಯಲ್ಲಿ ನಾವು ಒಪ್ಪದ ಮಾತು, ಆದರೆ ಇಲ್ಲಿ ಕ್ಷಮ್ಯ.

ಕಾಂತತ್ವದ ವಿಚಾರದಲ್ಲಿ ತೊಡಕು ಇನ್ನೂ ಹೆಚ್ಚು. ನಮ್ಮವರು ದಿಲ್ಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಪಡೆಯುವ 100 ದಶಲಕ್ಷ ಎಲೆಕ್ಟ್ರಾನ್-ವೋಲ್ಟಿನ ಬೆಳ್ಳಿಯ ಅಯಾನು ಕಬ್ಬಿಣದಲ್ಲಿ 10 ಮೈಕ್ರಾನ್ ಆಳವನ್ನೂ ಮುಟ್ಟುವುದಿಲ್ಲ. ಪಟ್ಟಿಯ ದಪ್ಪವಾದರೋ ಸಾಮಾನ್ಯವಾಗಿ 20ರಿಂದ 40 ಮೈಕ್ರಾನ್. ಮೇಲುಪದರ ಹಿಗ್ಗಲೆಳಸುತ್ತದೆ, ಕೆಳಪದರ ತಡೆಯುತ್ತದೆ, ಮೇಲುಪದರ ಅದುಮಿಕೊಳ್ಳುತ್ತದೆ. ಕಬ್ಬಿಣಪ್ರಧಾನವಾದ ಗಾಜುಗಳಲ್ಲಿ ಈ ಒತ್ತಡವೊಂದೇ ಕಾಂತೀಕರಣವನ್ನು ಪಟ್ಟಿಯ ತಲದಿಂದ ಹೊರಕ್ಕೆ ತಿರುಗಿಸಬಲ್ಲುದು. ಗಾಮಾ ಕಿರಣ ಪಟ್ಟಿಗೆ ಲಂಬವಾಗಿದ್ದಾಗ ಮಾಸ್‌ಬೌರ್ ರೋಹಿತದ ರೇಖೆಗಳ ತೀವ್ರತೆ ಕಾಂತೀಕರಣವು ತಲದಲ್ಲಿದ್ದರೆ 3:4:1, ತಲಕ್ಕೆ ನೆಟ್ಟಗಿದ್ದರೆ 3:0:1. ಎರಡನೆಯ ರೇಖೆ ಕುಂದಿದುದನ್ನು ಕಂಡೊಡನೆ ‘ಪರಮಾಣುಗಳ ನೆರೆಹೊರೆ ಬದಲಾಯಿತು’ ಎಂದು ಬರೆಯುವುದು ತಪ್ಪು. ಆ ರೇಖೆ ಹೇಳುವುದು ದಿಕ್ಕನ್ನು. ನೆರೆಹೊರೆಯ ಸುದ್ದಿಯನ್ನು ಬೀಜಕಣದಲ್ಲಿನ ಕಾಂತಕ್ಷೇತ್ರಗಳ ಹಂಚಿಕೆಯಲ್ಲಿ ಹುಡುಕಬೇಕು.

ಆದುದರಿಂದ, ಅದೇ ಪಟ್ಟಿಯಿಂದ ಕತ್ತರಿಸಿ, ಕಿರಣದಡಿಯ ತುಂಡಿನ ಉಷ್ಣತೆಯಲ್ಲಿ ಅಷ್ಟೇ ಹೊತ್ತು ಅಯಾನಿಲ್ಲದೆ ಇರಿಸಿದ ಇನ್ನೊಂದು ತುಂಡಿನ ಅಳತೆಯನ್ನೂ ಪ್ರತಿ ಪ್ರಬಂಧದಲ್ಲಿ ಕೊಡಬೇಕೆಂದು ನಾವು ಕೇಳುತ್ತೇವೆ. ವೇಗವರ್ಧಕದ ಸರದಿಗಾಗಿ ವಿದ್ಯಾರ್ಥಿ ತಿಂಗಳುಗಟ್ಟಲೆ ಕಾಯಬೇಕಾದೀತು. ಈ ಎರಡನೆಯ ತುಂಡಿಗೆ ವಿಭಾಗದಲ್ಲಿರುವ ಕುಲುಮೆಯೇ ಸಾಕು.