ಜಿಪ್ಸಂ ಒಂದೇ ಸಾಲದು

ಕೃಷ್ಣಾ, ಘಟಪ್ರಭೆಯ ನೀರುಂಡ ಎರೆಹೊಲದಲ್ಲಿ ಕಬ್ಬು ಸೊರಗಿ, ನೆಲದ ಮೇಲೆ ಬಿಳಿ ಪದರು ಎದ್ದರೆ ಜಮಖಂಡಿ, ಮುಧೋಳ, ಬೀಳಗಿ ಕಡೆ ‘ಜಿಪ್ಸಂ ಹಾಕ್ರಿ’ ಎಂಬ ಸಲಹೆ ತಟ್ಟನೆ ಸಿಗುತ್ತದೆ. ಮದ್ದು ಸುಳ್ಳಲ್ಲ. ಹಾಕುವ ರೂಢಿ ಮಾತ್ರ ಅರ್ಧಕ್ಕೇ ನಿಂತಿದೆ.

ಎರೆಮಣ್ಣಿನ ಜೇಡಿ ಕಣಗಳ ಮೈಮೇಲೆ ಋಣ ಆವೇಶವಿದೆ. ಧನ ಅಯಾನುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಎರಡು ಆವೇಶದ ಕ್ಯಾಲ್ಸಿಯಂ ಹೆಚ್ಚಿದ್ದರೆ ಕಣಗಳು ಒಗ್ಗೂಡಿ ಮಣ್ಣು ಸಡಿಲವಾಗಿರುತ್ತದೆ, ನೀರು ಇಳಿಯುತ್ತದೆ. ಒಂದೇ ಆವೇಶದ ಸೋಡಿಯಂ ಆ ಜಾಗ ಹಿಡಿದರೆ ಕಣಗಳು ಚದುರಿ ರಂಧ್ರ ಮುಚ್ಚುತ್ತವೆ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರ ಒಂದು ಕ್ಯಾಲ್ಸಿಯಂ ಅಯಾನು ಎರಡು ಸೋಡಿಯಂಗಳನ್ನು ಎಬ್ಬಿಸುತ್ತದೆ. ಆದರೆ ಎದ್ದ ಸೋಡಿಯಂ ಹೊಲ ಬಿಟ್ಟು ಹೋಗಿಲ್ಲ, ಸಲ್ಫೇಟಿನ ಜೊತೆ ನೀರಿನಲ್ಲೇ ಇದೆ. ಬಸಿಗಾಲುವೆ ಇಲ್ಲದಿದ್ದರೆ ಬೇಸಿಗೆಯಲ್ಲಿ ನೀರು ಆರಿ, ಉಪ್ಪು ಮತ್ತೆ ಮೇಲೇರುತ್ತದೆ. ರೈತ ಚೀಲಕ್ಕೆ ಕೊಟ್ಟ ದುಡ್ಡು ಮಣ್ಣುಪಾಲು.

ಇನ್ನೊಂದು ತೊಡಕು ಕರಗುವಿಕೆಯದು. ಒಂದು ಲೀಟರ್ ನೀರಿನಲ್ಲಿ ಅಡುಗೆ ಉಪ್ಪು ಸುಮಾರು 360 ಗ್ರಾಂ ಕರಗಿದರೆ ಜಿಪ್ಸಂ ಕರಗುವುದು ಎರಡೂವರೆ ಗ್ರಾಂ ಮಾತ್ರ. ಮೇಲೆ ಚೆಲ್ಲಿ ಬಿಟ್ಟರೆ ಸಾಲದು. ಪುಡಿ ಮಾಡಿ, ಮೇಲ್ಮಣ್ಣಿನಲ್ಲಿ ಬೆರೆಸಿ, ನೀರು ನಿಲ್ಲಿಸಬೇಕು.

ಬಿಳಿ ಪದರೆಲ್ಲ ಒಂದೇ ರೋಗವೂ ಅಲ್ಲ. ಬರೀ ಉಪ್ಪು ಕೂಡಿದ ನೆಲಕ್ಕೆ ಒಳ್ಳೆಯ ನೀರು ಕಟ್ಟಿ ಬಸಿದರೆ ಸಾಕು. ತಾನೂ ಲವಣವಾದ ಜಿಪ್ಸಂ ಅಲ್ಲಿ ವ್ಯರ್ಥ. ರಸಸಾರ 8.5 ದಾಟಿ, ಜೇಡಿ ಹಿಡಿದ ಅಯಾನುಗಳಲ್ಲಿ ಸೋಡಿಯಂ ಪಾಲು ಶೇ. 15 ಮೀರಿದ ನೆಲಕ್ಕೇ ಅದು ಬೇಕು. ಕಣ್ಣಳತೆಯಲ್ಲಿ ಇದು ತಿಳಿಯದು, ಮಣ್ಣು ಪರೀಕ್ಷೆ ಬೇಕು. ಹರಳಿನಲ್ಲಿ ಕಟ್ಟುಬಿದ್ದ ಅಯಾನು ವಿದ್ಯುತ್ ಒಯ್ಯದು, ಕರಗಿ ಬಿಡುಗಡೆಯಾದದ್ದು ಒಯ್ಯುತ್ತದೆ. ಮಣ್ಣಿನ ಉಪ್ಪನ್ನು ತಿಳಿಸುವ ಪ್ರಯೋಗಾಲಯದ ವಾಹಕತೆಯ ಅಳತೆ ನಿಂತಿರುವುದೇ ಇದರ ಮೇಲೆ. ಹತ್ತನೆಯ ತರಗತಿಯಲ್ಲಿ ಓದಿದ ಈ ಗುಣವನ್ನು ನಮ್ಮ ಮಕ್ಕಳು ಅಪ್ಪನ ಹೊಲದ ಮಣ್ಣಿನಲ್ಲೇ ಅಳೆದು ನೋಡುವಂತಾಗಬೇಕು ಎಂಬುದು ನನ್ನ ಆಸೆ.

ಕ್ಯಾಲ್ಸಿಯಂ ಈ ಸೀಮೆಗೆ ಹೊಸದೇನಲ್ಲ. ಮುಧೋಳ ತಾಲ್ಲೂಕಿನ ಸುಣ್ಣದಕಲ್ಲು ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ. ಎರೆಹೊಲದಲ್ಲೂ ಸುಣ್ಣದ ಹರಳು ಸಿಗುತ್ತವೆ. ಆದರೆ ಅವುಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಬರೀ ನೀರಿಗೆ ಬಗ್ಗುವುದಿಲ್ಲ. ಹಸಿರೆಲೆ ಗೊಬ್ಬರದ ಬೆಳೆ ಡಯಂಚಾ ಬಿತ್ತಿ ಹಸಿರಾಗಿದ್ದಾಗಲೇ ಉತ್ತು ಸೇರಿಸಿದರೆ, ಕೊಳೆಯುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಅದನ್ನು ನಿಧಾನವಾಗಿ ಕರಗಿಸುತ್ತದೆ. ಕೊಂಡು ತಂದ ಚೀಲಕ್ಕಿಂತ ಈ ಪದ್ಧತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಸಹಾಯಧನವೂ ಮೊದಲು ಬಸಿಗಾಲುವೆಗೆ ಸಿಗಲಿ. ಮೇಲಿನವನ ಉಪ್ಪುನೀರು ಕೆಳಗಿನವನ ಹೊಲದಲ್ಲಿ ನಿಲ್ಲದೆ ಹಳ್ಳ ಸೇರಬೇಕಾದರೆ, ಕಾಲುವೆ ತೋಡುವ ಮುಂಚೆ ಎರಡೂ ಹೊಲದವರು ಕೂತು ಮಾತಾಡಬೇಕು.