ವೀರಗಲ್ಲಿಗೆ ಎಷ್ಟು ಎತ್ತರ ಬೇಕು?

ಪದ್ಯಕ್ಕೆ, ಕಾದಂಬರಿಗೆ ವಿಮರ್ಶೆ ಬರೆಯುತ್ತೇವೆ. ಕಲ್ಲಿಗೆ ಯಾರೂ ಬರೆಯುವುದಿಲ್ಲ. ಆದರೆ ಸ್ಮಾರಕವೂ ಒಂದು ಬರಹವೇ. ನಿಲ್ಲಿಸಿದವರು ನಮಗೆ ಏನೋ ಹೇಳಬೇಕು ಅಂತಲೇ ನಿಲ್ಲಿಸಿರುತ್ತಾರೆ. ಸರಿಯಾಗಿ ಹೇಳಿದ್ದಾರೋ ಇಲ್ಲವೋ ಎಂದು ಕೇಳುವ ಹಕ್ಕು ಓದುಗನಿಗುಂಟು.

ನಮ್ಮ ವಾಚನಾಲಯದ ಗುಂಪು ಮಡಕಶಿರಾದಿಂದ ಬೆಂಗಳೂರಿಗೆ ಪ್ರವಾಸ ಹೋದಾಗ ಒಂದೇ ದಿನ ಎರಡು ಕಡೆ ವೀರಗಲ್ಲು ನೋಡಿದೆವು. ಬೆಳಿಗ್ಗೆ ರಾಷ್ಟ್ರೀಯ ಸೈನಿಕ ಸ್ಮಾರಕ, ಮಧ್ಯಾಹ್ನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. ಒಂದರ ಬೆನ್ನಿಗೆ ಇನ್ನೊಂದು ನೋಡಿದ್ದರಿಂದಲೇ ಹೋಲಿಸುವ ಮನಸ್ಸಾಯಿತು.

ಸೈನಿಕ ಸ್ಮಾರಕದಲ್ಲಿ 75 ಅಡಿಯ ಏಕಶಿಲೆ ನಿಂತಿದೆ. ಅದಕ್ಕೆ ವೀರಗಲ್ಲು ಎಂದೇ ಹೆಸರು. ಬಸ್ ಇಳಿದವರೇ ನಮ್ಮ ಹುಡುಗರು ಅದರ ಮುಂದೆ ಫೋಟೋಗೆ ನಿಂತರು. ಅವರನ್ನು ಬೈದು ಫಲವಿಲ್ಲ. ಎತ್ತರವಾಗಿರುವುದು ಕತ್ತೆತ್ತಿ ನೋಡು ಅನ್ನುತ್ತೆ, ಓದು ಅನ್ನುವುದಿಲ್ಲ. ಅಲ್ಲಿ ಓದಬೇಕಾದ ಬರಹ ಬೇರೆ ಇದೆ: ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟ ಇಪ್ಪತ್ತು ಸಾವಿರಕ್ಕೂ ಮೀರಿದ ಯೋಧರ ಹೆಸರುಗಳು. ನಮ್ಮ ಜೊತೆ ಬಂದಿದ್ದ ನಿವೃತ್ತ ಸುಬೇದಾರರೊಬ್ಬರು ಅಲ್ಲೇ ನಿಂತು ಬೆರಳಿಟ್ಟು ಓದುತ್ತಿದ್ದರು. "ಫೋಟೋ ಆಮೇಲೆ ತೆಕ್ಕೊಳ್ರಪ್ಪ, ಮೊದ್ಲು ಒಂದು ಹತ್ತು ಹೆಸರಾದ್ರೂ ಓದಿ" ಅಂದರು. ಆ ಸ್ಮಾರಕದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಗೊತ್ತಿಲ್ಲ.

ವಸ್ತುಸಂಗ್ರಹಾಲಯದ ಬೇಗೂರು ಕಲ್ಲು ಸುಮಾರು 900ರ ಕಾಲದ್ದು. ಅದು ನಮ್ಮ ಕಡೆಯ ಕಥೆಯೂ ಹೌದು. ಗಂಗರ ಎರೆಯಪ್ಪನು ಅಯ್ಯಪದೇವನಿಗೆ ನೆರವಾಗಲು ನಾಗತ್ತರನನ್ನು ಕಳಿಸಿದ. ಈ ಅಯ್ಯಪದೇವ ಹೆಂಜೇರಿನಿಂದ, ಅಂದ್ರೆ ನಮ್ಮ ಹೇಮಾವತಿಯಿಂದ, ಆಳಿದ ನೊಳಂಬ ದೊರೆ ಎನ್ನುತ್ತಾರೆ ವಿದ್ವಾಂಸರು. ನಾಗತ್ತರ ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಮೇಲೆ ಕಾದಿ ಸತ್ತ. ಆಮೇಲೆ ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ ಹನ್ನೆರಡು ಹಳ್ಳಿ ಕೊಟ್ಟ. ಯಾರ ಮಾತಿಗೆ ಹೋದ, ಯಾರ ಮೇಲೆ ಕಾದಿದ, ಎಲ್ಲಿ ಸತ್ತ, ಅವನ ಹಿಂದೆ ಏನಾಯಿತು, ಎಲ್ಲ ಆ ಒಂದು ಕಲ್ಲಲ್ಲಿದೆ.

ಪಕ್ಕದ ಆತಕೂರು ಕಲ್ಲು ಇನ್ನೂ ವಿಚಿತ್ರ. ತಕ್ಕೋಲದ ದೊಡ್ಡ ಕಾಳಗದಲ್ಲಿ 949ರಲ್ಲಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ವಿಷಯ ಅದರಲ್ಲಿದೆ. ಆದರೆ ಚಿತ್ರ ಯಾರದ್ದು? ಕಾಳಿ ಎಂಬ ನಾಯಿಯದು. ಬೂತುಗನ ಕಡೆಯ ಮಣಲೆರ ಬೇಡಿ ಪಡೆದ ಆ ನಾಯಿ ಹಂದಿಯ ಜೊತೆ ಸೆಣಸಿ, ಎರಡೂ ಸತ್ತವು. ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಭೂಮಿ ನೋಡಿಕೊಳ್ಳುವವನು ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಎಂದು ಕಟ್ಟು ಹಾಕಿದರು. ಅಂದ್ರೆ ಹಳೆಯ ಕಲ್ಲು ಸತ್ತವರನ್ನು ಹೊಗಳಿ ಸುಮ್ಮನಾಗುತ್ತಿರಲಿಲ್ಲ, ಬದುಕಿದವರಿಗೆ ಒಂದು ಕೆಲಸ ಹಚ್ಚುತ್ತಿತ್ತು.

ಹಾಗಂತ ಹಳೆಯದೆಲ್ಲ ಮೇಲು ಅನ್ನಲಾರೆ. ಬೇಗೂರು ಕಲ್ಲಿನಲ್ಲಿ ನಾಯಕನಿಗೆ ಹೆಸರುಂಟು, ಅವನ ಸುತ್ತ ಕಾದುವ ಕಾಲಾಳುಗಳಿಗೆ ಇಲ್ಲ. ನಾಯಿಗೆ ಸಿಕ್ಕ ಹೆಸರು ಎಷ್ಟೋ ಮನುಷ್ಯರಿಗೆ ಸಿಗಲಿಲ್ಲ. ಹೊಸ ಸ್ಮಾರಕ ಬಡ ರೈತನ ಮಗನಾದ ಸಿಪಾಯಿಯ ಹೆಸರನ್ನೂ ಕೆತ್ತಿದೆ. ಇದು ಸಾವಿರ ವರ್ಷದಲ್ಲಿ ನಾವು ಕಲಿತ ದೊಡ್ಡ ಪಾಠ. ಕೊರತೆ ಏನೆಂದರೆ, ಬರೀ ಹೆಸರು ಓದಿದವನಿಗೆ ಆ ಸಿಪಾಯಿ ಯಾವ ಊರಿನವ, ಯಾಕೆ ಹೋದ, ಹಿಂದೆ ಯಾರು ಉಳಿದರು ಅನ್ನುವುದು ತಿಳಿಯುವುದಿಲ್ಲ. ಹಳೆಯ ಕಲ್ಲಿನ ಕಥೆ, ಹೊಸ ಕಲ್ಲಿನ ಸಮಾನತೆ ಎರಡೂ ಕೂಡಿದರೆ ಅದು ಪೂರ್ತಿ ವೀರಗಲ್ಲು. ಎತ್ತರ ಎಷ್ಟಾದರೂ ಇರಲಿ.

ಈ ಮಾತು ನಮ್ಮ ಮನೆ ಬಾಗಿಲಿಗೂ ಬರುತ್ತದೆ. ಮಡಕಶಿರಾ, ರಾಯದುರ್ಗದ ಕಡೆ ಹಳ್ಳಿಗಳಲ್ಲಿ ಹುಣಸೆ ಮರದಡಿ, ಕೆರೆ ಏರಿ ಮೇಲೆ ವಾಲಿಕೊಂಡಿರುವ ವೀರಗಲ್ಲುಗಳಿಗೆ ಕುಂಕುಮ ಇಡುತ್ತೇವೆ, ಸುಣ್ಣ ಬಳಿಯುತ್ತೇವೆ, ಓದುವುದಿಲ್ಲ. ಹೇಮಾವತಿಯ ಶಾಸನಗಳು 1939ರಷ್ಟು ಹಿಂದೆಯೇ ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟದಲ್ಲಿ ಅಚ್ಚಾಗಿವೆ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಬರೆಯುವ ನಮ್ಮ ಮಕ್ಕಳಿಗೆ ಇದು ಆಗದ ಕೆಲಸ ಅಂತ ಯಾರೂ ಹೇಳಬಾರದು. ನೊಳಂಬರ ಕಾಲದಲ್ಲಿ ಎರಡು ಭಾಷೆಗೂ ಲಿಪಿ ಹೆಚ್ಚುಕಡಿಮೆ ಒಂದೇ ಇತ್ತು. ಆ ಅಕ್ಷರದ ಮುಂದೆ ಕನ್ನಡದ ಹುಡುಗನೂ ತೆಲುಗಿನ ಹುಡುಗನೂ ಸಮಸಮ.

ಸುಣ್ಣ ಬಳಿದ ಕಲ್ಲಿನಲ್ಲಿ ಅಕ್ಷರ ತುಂಬಾ ದಿನ ಉಳಿಯುವುದಿಲ್ಲ. ಮುಂದಿನ ಪ್ರವಾಸಕ್ಕೆ ಬಸ್ ಮಾಡುವ ಮೊದಲು ಊರ ಕಲ್ಲಿನ ಸುಣ್ಣ ತೊಳೆದು, ಒಂದು ನೋಟ್‌ಬುಕ್ ಹಿಡಿದು ಅದರ ಮುಂದೆ ಕೂರೋಣ.